ಆಲ್ಡನ್ ಕಟ್ಟಿಕೊಟ್ಟ ಪೊಟ್ಟಣ

ಜುಲೈ ೧೯, ಶನಿವಾರ

ಬೆಣ್ಣೆಯ ರುಚಿ ಇನ್ನೂ ನಾಲಿಗೆ ಬಿಟ್ಟಿಲ್ಲ. ಬನ್ನಿನೊಳಗೆ ಕಡಲೇಡಿಯ ಮಾಂಸ ತುಂಬಿದ ಆಲ್ಡನ್‌ನ ಲಾಬ್‌ಸ್ಟರ್ ರೋಲ್ ಅಷ್ಟು ಚೆನ್ನಾಗಿತ್ತು. ಅದಕ್ಕೇ ಹೊಟ್ಟೆ ಉರಿಯಿತು.

ಪಕ್ಕದವನು ಲಾಬ್‌ಸ್ಟರ್ ಹಿಡಿಯಲು ನೀರಿಗೆ ಇಳಿಬಿಟ್ಟ ಬೋನಿನ ಹಗ್ಗ ಕಡಿಯುವ ಮೊದಲು ಅದಕ್ಕೊಂದು ಜೋಡಿಗಂಟು ಹಾಕಿ ಎಚ್ಚರಿಸುವುದು ನಮ್ಮ ಕೊಲ್ಲಿಯ ಮರ್ಯಾದೆ. ಹೋದ ವರ್ಷ ನಾನು ಗಂಟೂ ಹಾಕದೆ ಆಲ್ಡನ್‌ನ ಹಗ್ಗಗಳನ್ನೆಲ್ಲ ಕಡಿದೆ. ಬೋನುಗಳು ಕಡಲ ಪಾಲಾದವು. ದೋಣಿ ಮಾರಿ ಅವನು ಈ ಗೂಡಂಗಡಿ ಇಟ್ಟ.

“ಹೆಂಗಿದೆ, ಮೆರಿಲ್?” ಅಂತ ಇವತ್ತು ಕೇಳಿದ.

“ಥೂ, ಚಪ್ಪಲಿ ಅಗಿದಂಗಿದೆ ಕಣೋ! ಹಿಡಿಯೋಕೂ ಬರ್ಲಿಲ್ಲ, ಬೇಯ್ಸೋಕೂ ಬರಲ್ಲ ನಿಂಗೆ!” ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದೆ. ಅರ್ಧ ಸಾಲು ಕರಗಿತು. ನನಗೆ ಹಾಯೆನಿಸಿತು.

ಅವನು ನಕ್ಕ. “ಮನೆಗೂ ಒಂದು ತಗೊಂಡೋಗು,” ಅಂತ ಪೊಟ್ಟಣ ಕಟ್ಟಿಕೊಟ್ಟ.

ಈಗ ಬಿಚ್ಚಲು ಹೋದರೆ, ದಾರಕ್ಕೆ ಜೋಡಿಗಂಟು.

ನನ್ನ ಬೋನುಗಳೆಲ್ಲ ನೀರಿನಲ್ಲಿವೆ. ಬೆಳಗಾಗಲು ಇನ್ನೂ ಎಷ್ಟೋ ಹೊತ್ತಿದೆ.