ಅರೆಕ್ಷಣ ಮುಂಚೆ ಬಂದ ದನಿ

ಅಪ್ಪಾ,

ಇವತ್ತು ನಮ್ಮ ಗ್ರಂಥಾಲಯಕ್ಕೆ ಯುರೋಪಿನ ಹಳೇ ಬರೋಕ್ ಕಾಲದ ಆ ದೊಡ್ಡ ಸಮೂಹಗಾನದ ಒಂದು ಧ್ವನಿಮುದ್ರಣ ಆರಿಸಿದೆವು. ಕೊನೆಗೆ ಉಳಿದವು ಎರಡು: ಹೆಸರಾಂತ ಮೇಳದ್ದೊಂದು, ನೀನು ಹಿಂದಿನ ಸಾಲಲ್ಲಿ ನಿಂತು ಹಾಡಿದ್ದೊಂದು. ನಿನ್ನದನ್ನೇ ಮೊದಲು ಹಾಕಿದೆ. ಇನ್ನೂರು ಜನ ಒಟ್ಟಿಗೆ ಸುಮ್ಮನಾಗಿ, ಮತ್ತೆ ಒಟ್ಟಿಗೆ ಶುರುಮಾಡುವ ಕಡೆ ನಿನ್ನ ದನಿಯೊಂದೇ ಅರೆಕ್ಷಣ ಮುಂಚೆ ಎದ್ದಿತು.

"ಯಾರ್ರೀ ಈ ಪುಣ್ಯಾತ್ಮ? ಬಸ್ಸು ತಪ್ಪುತ್ತೆ ಅಂತ ಅವಸರಾನಾ?" ಅಂದರು ಮೇಲಧಿಕಾರಿ.

ನನಗೆ ಪ್ರಾಸದ ಚಟ. "ತಾಳ ತಪ್ಪಿದರೂ ಮೇಳಕ್ಕೆ ಒಪ್ಪಿದವರು ಸಾರ್" ಅಂದೆ. ಎಲ್ಲರೂ ನಕ್ಕರು.

"ನಿಮಗೆ ಗೊತ್ತಿರೋರಾ?"

"ಇಲ್ಲ ಸಾರ್."

ಬದುಕಿದ್ದಾಗ ನೀನು ಅದೇ ತಪ್ಪನ್ನು ಮನೆಗೆ ಬಂದವರಿಗೆಲ್ಲ ಕೇಳಿಸಿ, "ಇಷ್ಟು ಜನರ ನಡುವೆ ನನ್ನ ಗುರುತು ಸಿಗೋದು ಇಲ್ಲಿ ಮಾತ್ರ" ಅಂತ ಬೀಗುತ್ತಿದ್ದೆ.

ಹೆಸರಾಂತ ಮೇಳಕ್ಕೇ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.