ತಡವಾಗಿ ಕೂರಿಸಿದ ಡಬ್ಬಿ

ಹದಿನೇಳನೇ ತಾರೀಕು, ಮಂಗಳವಾರ ಮಧ್ಯಾಹ್ನ

ನನ್ನ ಜಗಳಗಂಟಿ ತಂಗಿಗೆ,

ಹೇಗಿದ್ದೀಯೆ? ಮಗಳು, ಮಗು ಹುಷಾರಾಗಿದ್ದಾರಾ? ಮೊಮ್ಮಗು ನಿನ್ನ ಮೂಗನ್ನೇ ಹೊತ್ತು ಬಂದಿದೆಯಂತೆ. ಪಾಪ, ಅಷ್ಟು ಚಿಕ್ಕ ಮುಖಕ್ಕೆ ಅಷ್ಟು ದೊಡ್ಡ ಭಾರ! ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಕೋಬೇಡ. ಮೂರರಲ್ಲೂ ನೀನು ಒಂದೇ ಪ್ರಶ್ನೆ ಕೇಳಿದ್ದೀಯೆ: "ನನ್ನ ದೊರೆ ಹೇಗೆ ಸತ್ತ, ಅಣ್ಣ?"

"ವಯಸ್ಸಾಗಿತ್ತು, ಮಲಗಿದಲ್ಲೇ ಹೋದ" ಎಂದು ಮೊದಲು ಬರೆದಿದ್ದೆನಲ್ಲ, ಅದು ಸುಳ್ಳು. ಭಾವ ತೀರಿಕೊಂಡ ಮೇಲೆ ನಿನಗೆ ಉಳಿದಿದ್ದ ಜೊತೆ ಆ ನಾಯಿ ಒಂದೇ. ಮಗಳ ಬಾಣಂತನಕ್ಕೆ ಹೋಗುವಾಗ ನನ್ನನ್ನು ನಂಬಿ ನೀನು ಅವನನ್ನು ಬಿಟ್ಟುಹೋದೆ. ಭಾನುವಾರ ನೀನು ವಾಪಸ್ ಬರುವುದರೊಳಗೆ ನಿಜ ಹೇಳಿಬಿಡುತ್ತೇನೆ. ಆಮೇಲೆ ನನ್ನ ಮುಖ ನೋಡುವುದು ಬಿಡುವುದು ನಿನಗೆ ಸೇರಿದ್ದು.

ನನ್ನ ಮುದುಕಿ ಕಾರು ನಿನಗೆ ಗೊತ್ತಲ್ಲ, ನನಗಿಂತ ಆರೇ ವರ್ಷ ಚಿಕ್ಕವಳು. ಆ ಕಾಲದ ಕಾರುಗಳಲ್ಲಿ ರೇಡಿಯೇಟರ್ ಕಾದರೆ, ಎಂಜಿನ್ ತಣ್ಣಗಿಡಲು ಹಾಕುವ ಕೂಲಂಟ್ ಉಕ್ಕಿ ಸಣ್ಣ ಪೈಪಿನಲ್ಲಿ ನೇರ ನೆಲಕ್ಕೆ ಸುರಿಯುತ್ತದೆ. ಮೆಕ್ಯಾನಿಕ್ ಎರಡು ವರ್ಷದಿಂದ ಹೇಳುತ್ತಲೇ ಇದ್ದ: "ಯಜಮಾನ್ರೇ, ಒಂದು ಡಬ್ಬಿ ಕೂರಿಸ್ತೀನಿ. ಉಕ್ಕಿದ್ದು ಅದರಲ್ಲಿ ನಿಲ್ಲುತ್ತೆ, ಎಂಜಿನ್ ತಣ್ಣಗಾದ್ಮೇಲೆ ವಾಪಸ್ ಎಳ್ಕೊಳ್ಳುತ್ತೆ."

"ಇವಳಿಗೆ ಪ್ಲಾಸ್ಟಿಕ್ ಡಬ್ಬೀನಾ? ಮದುಮಗಳಿಗೆ ಮೀಸೆ ಬರೆದ ಹಾಗಿರುತ್ತೆ ಕಣಯ್ಯ! ಈ ವಯಸ್ಸಲ್ಲಿ ತಡ್ಕೊಳ್ಳೋಕಾಗಲ್ಲ, ಸೋರುತ್ತೆ. ನನಗೂ ಅದೇ ಕಷ್ಟ" ಅಂದೆ. ಅವನೂ ನಕ್ಕುಬಿಟ್ಟ. ಹಳೇ ಕಾರುಗಳ ಪ್ರದರ್ಶನದಲ್ಲಿ ಬಾನೆಟ್ ಎತ್ತಿದರೆ ಎಲ್ಲವೂ ಹುಟ್ಟಿದ ಹಾಗೇ ಇರಬೇಕು ಅನ್ನುವ ಜಂಬ ನನಗೆ.

ಆವತ್ತು ಪೇಟೆಗೆ ಹೋಗಿ ಬಂದು ಶೆಡ್ಡಿನಲ್ಲಿ ನಿಲ್ಲಿಸಿದೆ. ಕೆಳಗೆ ಹಸಿರು ನೀರು ನಿಂತಿತು. ಅದು ವಿಷವಾದರೂ ಸಿಹಿಯಂತೆ, ನಾಯಿಗಳಿಗೆ ಇಷ್ಟವಂತೆ. ದೊರೆ ನೆಕ್ಕಿದ. ಮಾರನೆಯ ದಿನ ಊಟ ಬಿಟ್ಟ. ಅದರ ಮಾರನೆಯ ದಿನ ಎತ್ತಿಕೊಂಡು ಓಡಿದೆ. "ಕಿಡ್ನಿ ಎರಡೂ ಹೋಗಿವೆ, ತಾತ" ಅಂದರು ನಾಯಿ ಡಾಕ್ಟರಮ್ಮ. ಕೂಲಂಟು ಕೊಲ್ಲಂಟಾಯಿತು. ನೋಡಿದೆಯಾ, ಈ ಹಾಳು ನಾಲಿಗೆ ಇವತ್ತೂ ಸುಮ್ಮನಿರುವುದಿಲ್ಲ.

ನಿನ್ನೆ ಡಬ್ಬಿ ಕೂರಿಸಿದೆವು. ಬ್ಯಾಟರಿ ಪಕ್ಕ ಎರಡು ಬೋಲ್ಟು, ಒಂದು ರಬ್ಬರ್ ಪೈಪು, ರೇಡಿಯೇಟರಿಗೆ ಹೊಸ ಮುಚ್ಚಳ. ಮುಕ್ಕಾಲು ಗಂಟೆ ಕೆಲಸ. ಎಂಜಿನ್ ಕಾಯಿಸಿದಾಗ ಹಸಿರು ನೀರು ಡಬ್ಬಿಗೆ ಏರಿತು. ತಣ್ಣಗಾದ ಮೇಲೆ ತಾನಾಗಿ ಹಿಂದಕ್ಕೆ ಹೋಯಿತು. ನೆಲದ ಮೇಲೆ ಒಂದು ಹನಿ ಇಲ್ಲ. "ನೋಡಿ, ಎಷ್ಟು ಸುಲಭ ಇತ್ತು" ಅಂದ ಮೆಕ್ಯಾನಿಕ್, ನನ್ನ ಮುಖ ಕಂಡು ಸಾಮಾನು ಎತ್ತಿಡತೊಡಗಿದ. ನಾನು ಅಲ್ಲೇ ನೆಲದ ಮೇಲೆ ಕೂತೆ. ಏಳಬೇಕು ಅಂತಲೇ ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ.

ಮಗುವಿನ ನೆತ್ತಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನೀನು ನೂರು ವರ್ಷ ಚೆನ್ನಾಗಿರು.

ನಿನ್ನ
ಕೋತಿ ಅಣ್ಣ

ಮರೆತದ್ದಲ್ಲ, ಬರೆಯಲು ಕೈ ಬಾರದೆ ಉಳಿದದ್ದು: ನೆಕ್ಕಿದ ಸ್ವಲ್ಪ ಹೊತ್ತಿಗೆ ದೊರೆ ತೂರಾಡುತ್ತಾ ಅಂಗಳಕ್ಕೆ ಬಂದ, ನಾಲ್ಕು ಕಾಲು ನಾಲ್ಕು ದಿಕ್ಕಿಗೆ. ನಾನು ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದೆ: "ಬನ್ನಿ ಬನ್ನಿ, ದೊರೆಗಳು ಏರಿಸ್ಕೊಂಡು ಬಂದಿದಾರೆ!" ಅವನ ಹಿಂದೆ ನಾನೂ ಕುಡುಕನ ಹಾಗೆ ತೂರಾಡಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಲೇ ಕರೆತಂದಿದ್ದರೆ ಬಹುಶಃ ಉಳಿಯುತ್ತಿದ್ದ ಅಂದರು ಡಾಕ್ಟರಮ್ಮ. ನಾವು ನಗುವುದನ್ನು ನೋಡಿ ಅವನು ಬಾಲ ಅಲ್ಲಾಡಿಸಿದ ಕಣೇ.