ರಾಗಿಚೀಲದ ಹೊಲಿಗೆ

ಮುಂಬಯಿ ಬಂದರು
ಸೆಪ್ಟೆಂಬರ್ ೧೯೬೧

ಬೂದಿಕೋಟೆಯ ನನ್ನ ಅಮ್ಮನಿಗೆ ಮಗ ಆಂಜಿನಪ್ಪನ ನಮಸ್ಕಾರ.

ನನಗೆ ಜ್ವರ ಬಿಟ್ಟಿದೆ. ಈ ಕಾಗದ ಓದಿ ಹೇಳುತ್ತಿರುವುದು ಮುನಿಸ್ವಾಮಪ್ಪ ಮಾವನೇ ತಾನೆ? ಒಂದು ಸಾಲನ್ನೂ ಬಿಡದ ಹಾಗೆ ನೋಡಿಕೋ.

ಹೋದ ವಾರ ಇಲ್ಲಿಗೆ ಹುಡುಗರಿಗೆ ನಾವಿಕರ ಕೆಲಸ ಕಲಿಸುವ ಹೊರದೇಶದ ಹಾಯಿಹಡಗು ಬಂತು. ಮೂರು ಕಂಬ, ಒಂದೊಂದೂ ನಮ್ಮ ಕಡೆಯ ಮೈಸೂರು ಮೈನ್ಸ್‌ ಚಿನ್ನದ ಗಣಿಬಾಯಿಯ ಮೇಲಿನ ಕಬ್ಬಿಣದ ಗೋಪುರದಷ್ಟು ಎತ್ತರ. ಕಂಬಕ್ಕೆ ಅಡ್ಡಡ್ಡ ತೊಲೆಗಳು, ತೊಲೆಗಳಿಂದ ಇಳಿಬಿಟ್ಟ ಚೌಕದ ಹಾಯಿಗಳು. ಬಿರುಗಾಳಿಗೆ ನಡುಗಂಬದ ದೊಡ್ಡ ಹಾಯಿ ಸೀಳಿಹೋಗಿತ್ತು. ಟಾರ್ಪಾಲು ಹೊಲಿಯುವ ನಮ್ಮ ಶೆಡ್ಡಿಗೆ ಹೊತ್ತು ತಂದರು. ಹಾಸಿದರೆ ನಮ್ಮ ಕಣದಷ್ಟು ಅಗಲ!

ಮೇಸ್ತ್ರಿ ಆ ಸೀಳನ್ನು ನನ್ನ ಕೈಗೆ ಕೊಟ್ಟರು. ಬಂಗಾರಪೇಟೆ ಮಂಡಿಯಲ್ಲಿ ನೀನು ರಾಗಿಚೀಲ ಹೊಲಿಯುತ್ತಿದ್ದ ಹಾಗೆಯೇ ಹೊಲಿದೆ. ದಾರಕ್ಕೆ ಮೇಣ ಸವರಿ, ಪ್ರತಿ ಹೊಲಿಗೆಗೂ ಅರ್ಧ ಹಿಂದಕ್ಕೆ ಬಂದು. ಆಗೆಲ್ಲ ಮಾವ, "ಏನ್ಲಾ, ಗಂಡುಡ್ಗ ಆಗಿ ದಬ್ಬಳ ಇಡ್ಕೊಂಡು ಅಮ್ಮನ್ ಪಕ್ಕ ಕುಂತಿದ್ದೀಯ?" ಎಂದು ಮಂಡಿಯವರನ್ನೆಲ್ಲ ನಗಿಸುತ್ತಿದ್ದರು.

ನಿನ್ನೆ ಹಡಗು ಹೊರಟಿತು. ನಮ್ಮ ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು. ದಡದಿಂದ ಹೊಲಿಗೆ ಕಾಣುವುದಿಲ್ಲ, ಆದರೂ ನಾನು ನೋಡುತ್ತಿದ್ದದ್ದು ಅದನ್ನೇ. ಹಡಗು ಕಣ್ಮರೆಯಾಗುವವರೆಗೂ ಬಿಡಲಿಲ್ಲ, ಅಮ್ಮ. ಅಷ್ಟು ದೊಡ್ಡ ಹಡಗನ್ನು ನಿನ್ನ ಹೊಲಿಗೆ ಎಳೆದುಕೊಂಡು ಹೋಯಿತು.

ನಮ್ಮೂರ ಕಮ್ಮಾರನಿಂದ ಎರಡು ದಬ್ಬಳ ಮಾಡಿಸಿ ಕಳಿಸು. ಇಲ್ಲಿಯವು ಬೇಗ ಬಾಗುತ್ತವೆ.

ಇತಿ ನಿನ್ನ ಮಗ,
ಆಂಜಿನಪ್ಪ

ಮಾವ, ಮಂಡಿಯ ಮಾತು ಬಂದಾಗ ನೀವು ಕೆಮ್ಮಿ ಮುಂದಕ್ಕೆ ಹೋಗಿರುತ್ತೀರಿ. ದಯವಿಟ್ಟು ಅಲ್ಲಿಂದ ಇನ್ನೊಮ್ಮೆ ಓದಿ, ಬೀದಿಗೆಲ್ಲ ಕೇಳುವ ಹಾಗೆ.